ಸಂವಿಧಾನ ಸಭೆಯಲ್ಲಿ ಕುಳಿತ ಗುರು: ಫಾದರ್ ಜೆರೋಮ್ ಡಿಸೋಜ

ಗಣರಾಜ್ಯೋತ್ಸವದ ದಿನ ಬೆಳಗಿನ ಬಲಿಪೂಜೆಯನ್ನು ಮುಗಿಸಿ ಶಾಲೆಯ ಅಂಗಳಕ್ಕೆ ಹೋಗುವುದು ನಮ್ಮ ವಾಡಿಕೆ. ಧ್ವಜಾರೋಹಣವಾಗುತ್ತದೆ, ಮಕ್ಕಳು ಸಂವಿಧಾನದ ಪ್ರಸ್ತಾವನೆಯನ್ನು ಒಕ್ಕೊರಲಿನಿಂದ ಓದುತ್ತಾರೆ, ಸಿಹಿ ಹಂಚಿದ ಮೇಲೆ ಎಲ್ಲರೂ ಮನೆಗೆ ಮರಳುತ್ತಾರೆ. ಒಂದು ವರ್ಷ ಈ ಸಮಾರಂಭ ಮುಗಿಸಿಕೊಂಡು ತೆಲಸಂಗದ ಕಡೆಯ ಕಥೋಲಿಕ ಕುಟುಂಬವೊಂದರ ಮನೆಯನ್ನು ಆಶೀರ್ವದಿಸಲು ಹೋಗಿದ್ದೆವು. ಪ್ರಾರ್ಥನೆ ಮುಗಿದು ಚಹಾ ಬರುವಷ್ಟರಲ್ಲಿ ತಂದೆ ಮಗನ ನಡುವೆ ವಾದವೊಂದು ಎದ್ದಿತು. ಮಗನಿಗೆ ಗ್ರಾಮ ಪಂಚಾಯಿತಿಯ ಚುನಾವಣೆಗೆ ನಿಲ್ಲುವ ಮನಸ್ಸು. ತಂದೆಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಊರಿನಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು, ಇಷ್ಟು ಕಾಲ ಎಲ್ಲರೊಡನೆ ಹೊಂದಿಕೊಂಡು ಬಾಳಿದ್ದೇವೆ, ಈಗ ಮುಂದೆ ಬಂದು ನಿಂತರೆ ಇಲ್ಲದ ಮಾತುಗಳು ಹುಟ್ಟುತ್ತವೆ, ನಮ್ಮ ವಿಶ್ವಾಸ ದೇವಾಲಯದಲ್ಲಿರಲಿ, ಊರಿನ ಆಡಳಿತ ಬೇರೆಯವರ ಕೈಯಲ್ಲಿರಲಿ ಎಂಬುದು ಅವರ ನಿಲುವು. ಕುಡಿಯುವ ನೀರು, ರಸ್ತೆ, ಶಾಲೆ ಇವು ಯಾವ ಮತದವರ ಸ್ವತ್ತೂ ಅಲ್ಲ, ಅವುಗಳಿಗಾಗಿ ದುಡಿಯುವುದೂ ದೇವರ ಸೇವೆಯೇ ಎಂಬುದು ಮಗನ ಮಾತು. ಕೊನೆಗೆ ಇಬ್ಬರೂ ನಮ್ಮ ಮುಖವನ್ನು ನೋಡಿದರು.

ಆ ತಂದೆಯ ಅಂಜಿಕೆಯಲ್ಲಿ ಅನುಭವವಿತ್ತು, ಮಗನ ಆಸೆಯಲ್ಲಿ ನ್ಯಾಯವಿತ್ತು. ತೀರ್ಪು ಕೊಡುವ ಬದಲು ನಾವು ಆ ದಿನ ಅವರಿಗೆ ನಮ್ಮ ನಾಡಿನ ಒಬ್ಬ ಗುರುವಿನ ಕಥೆಯನ್ನು ಹೇಳಿದೆವು. ಮಕ್ಕಳು ಶಾಲೆಯ ಅಂಗಳದಲ್ಲಿ ಓದಿದ ಆ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಒಬ್ಬ ಕಥೋಲಿಕ ಗುರು ಕುಳಿತಿದ್ದರೆಂಬುದು ನಮ್ಮ ಅನೇಕ ಕುಟುಂಬಗಳಿಗೆ ತಿಳಿಯದು. ಅವರು ಮಂಗಳೂರಿನ ಮಗ, ಯೇಸುಸಭೆಯ ಫಾದರ್ ಜೆರೋಮ್ ಡಿಸೋಜ. ಅಂದು ಹೇಳಿದ್ದನ್ನೇ ಇಂದು ಸ್ವಲ್ಪ ವಿಸ್ತರಿಸಿ ಓದುಗರ ಮುಂದಿಡುತ್ತಿದ್ದೇವೆ.

ಜೆರೋಮ್ ಡಿಸೋಜರು ಹುಟ್ಟಿದ್ದು 1897ರ ಆಗಸ್ಟ್ 6ರಂದು, ಪ್ರಭು ಯೇಸುವಿನ ದಿವ್ಯರೂಪಧಾರಣೆಯ ಹಬ್ಬದ ದಿನ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ನಮ್ಮ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಒಂದೇ ಭಾಷೆಯನ್ನಾಡುವ ಈ ಎರಡು ಪ್ರದೇಶಗಳು ಒಂದೇ ರಾಜ್ಯದ ಅಂಗಗಳಾಗಲು 1956ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಮಂಗಳೂರಿನ ಕಥೋಲಿಕರ ನೆನಪಿನಲ್ಲಿ ಟಿಪ್ಪು ಸುಲ್ತಾನನ ಕಾಲದ ಸೆರೆವಾಸದ ನೋವು ಇನ್ನೂ ಹಸಿಯಾಗಿತ್ತು. 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು 1799ರ ನಂತರ ಮರಳಿದವರ ಮರಿಮಕ್ಕಳು ಹೊಲಗದ್ದೆಗಳನ್ನೂ ದೇವಾಲಯಗಳನ್ನೂ ಮತ್ತೆ ಕಟ್ಟಿಕೊಂಡಿದ್ದರು. 1880ರಲ್ಲಿ ಯೇಸುಸಭೆಯವರು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು ಆ ಸಮುದಾಯಕ್ಕೆ ವಿದ್ಯೆಯ ಬಾಗಿಲನ್ನು ತೆರೆದಿತ್ತು. ರಾಜ್ಯಾಧಿಕಾರದ ಕೋಪವನ್ನು ಒಮ್ಮೆ ಉಂಡ ಜನ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಅಧಿಕಾರದಿಂದ ದೂರವಿದ್ದು ತಮ್ಮಷ್ಟಕ್ಕೆ ತಾವಿರುವುದು ಒಂದು ದಾರಿ. ವಿದ್ಯೆಯಿಂದಲೂ ಸೇವೆಯಿಂದಲೂ ನಾಡಿನ ಬದುಕಿನ ನಡುವೆ ಬೇರೂರುವುದು ಇನ್ನೊಂದು ದಾರಿ. ಬಾಲಕ ಜೆರೋಮರು ಬೆಳೆದ ಮಂಗಳೂರು ಎರಡನೆಯ ದಾರಿಯನ್ನು ಆರಿಸಿಕೊಳ್ಳುತ್ತಿತ್ತು.

ಯೌವನದಲ್ಲಿ ಅವರು ಯೇಸುಸಭೆಯನ್ನು ಸೇರಿದರು. ಯುರೋಪಿನಲ್ಲಿ ದೈವಶಾಸ್ತ್ರವನ್ನು ಅಭ್ಯಸಿಸಿ ಗುರುದೀಕ್ಷೆ ಪಡೆದು ಭಾರತಕ್ಕೆ ಮರಳಿದರು. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿ, ಸೊಗಸಾದ ಭಾಷಣಕಾರರಾಗಿ ದಕ್ಷಿಣ ಭಾರತದಲ್ಲೆಲ್ಲ ಹೆಸರು ಮಾಡಿದರು. ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜು, ಆಮೇಲೆ ಮದ್ರಾಸಿನ ಲೊಯೋಲಾ ಕಾಲೇಜು, ಈ ಎರಡು ದೊಡ್ಡ ವಿದ್ಯಾಸಂಸ್ಥೆಗಳ ಹೊಣೆಯನ್ನು ಹೊತ್ತರು. ವಿದೇಶೀ ಗುರುಗಳು ಕಟ್ಟಿ ನಡೆಸಿದ ಸಂಸ್ಥೆಗಳ ಚುಕ್ಕಾಣಿ ಭಾರತೀಯ ಗುರುಗಳ ಕೈಗೆ ಬರುತ್ತಿದ್ದ ಕಾಲವದು. ಸ್ವಾತಂತ್ರ್ಯದ ಹೋರಾಟ ತುತ್ತತುದಿಗೆ ಏರಿದ್ದ ಆ ದಿನಗಳಲ್ಲಿ ಕ್ರೈಸ್ತನಾದವನು ಪರಕೀಯರ ಪಕ್ಷದವನೆಂಬ ಅಪವಾದ ಸುಲಭವಾಗಿ ಹಬ್ಬುತ್ತಿತ್ತು. ಕಾಲೇಜಿನ ತರಗತಿಯಲ್ಲಿ ಎಲ್ಲ ಮತಗಳ ತರುಣರನ್ನು ಸಮಾನವಾಗಿ ಕಂಡು, ನಾಡಿನ ಬಿಡುಗಡೆಯನ್ನು ತಮ್ಮದೇ ಬಿಡುಗಡೆಯೆಂದು ಬಗೆದು, ಫಾದರ್ ಜೆರೋಮರು ಆ ಅಪವಾದಕ್ಕೆ ಬದುಕಿನಿಂದಲೇ ಉತ್ತರ ಕೊಟ್ಟರು. ರಾಜಾಜಿಯವರಂಥ ನಾಯಕರ ವಿಶ್ವಾಸ ಅವರಿಗೆ ಒದಗಿದ್ದು ಹೀಗೆ.

1946ರ ಡಿಸೆಂಬರ್ 9ರಂದು ದೆಹಲಿಯಲ್ಲಿ ಸಂವಿಧಾನ ಸಭೆ ಮೊದಲ ಬಾರಿಗೆ ಸೇರಿತು. ಪ್ರಾಂತ್ಯಗಳ ಶಾಸನಸಭೆಗಳಿಂದ ಆಯ್ಕೆಯಾದ ಸದಸ್ಯರಲ್ಲಿ ಮದ್ರಾಸಿನ ಪರವಾಗಿ ಈ ಗುರುಗಳೂ ಇದ್ದರು. ಆ ಸಭೆಯಲ್ಲಿ ಕ್ರೈಸ್ತರು ಅವರೊಬ್ಬರೇ ಆಗಿರಲಿಲ್ಲ. ಬಂಗಾಳದ ಹರೇಂದ್ರ ಕುಮಾರ ಮುಖರ್ಜಿಯವರು ಸಭೆಯ ಉಪಾಧ್ಯಕ್ಷರಾಗಿದ್ದರು, ಅಲ್ಪಸಂಖ್ಯಾತರ ಉಪಸಮಿತಿಗೂ ಅಧ್ಯಕ್ಷರಾಗಿದ್ದರು. ರಾಜಕುಮಾರಿ ಅಮೃತ ಕೌರ್, ಅಸ್ಸಾಮಿನ ಬೆಟ್ಟಸೀಮೆಯ ನಿಕಲ್ಸ್ ರಾಯ್, ತಿರುವಾಂಕೂರಿನ ಕಥೋಲಿಕ ಮಹಿಳೆ ಆ್ಯನಿ ಮ್ಯಾಸ್ಕರೀನ್ ಮೊದಲಾದವರೂ ಇದ್ದರು. ಇವರ ನಡುವೆ ಜುಬ್ಬಾ ಪಂಚೆಗಳ, ಶೇರ್ವಾನಿಗಳ ಸಾಲಿನಲ್ಲಿ ಒಬ್ಬ ಕಥೋಲಿಕ ಗುರು ಕುಳಿತದ್ದೇ ಒಂದು ಸಂಗತಿ. ನಮ್ಮ ಕಾಲದ ಧರ್ಮಸಭೆಯ ನಿಯಮಾವಳಿ ಗುರುಗಳು ಇಂಥ ಅಧಿಕಾರಸ್ಥಾನಗಳನ್ನು ವಹಿಸುವುದನ್ನು ನಿಷೇಧಿಸುತ್ತದೆ. 1983ರ ಧರ್ಮಸಭಾ ಕಾನೂನು ಇದನ್ನು ಸ್ಪಷ್ಟವಾಗಿ ಹೇಳಿದೆ. ಅಂದಿನ ನಿಯಮದಲ್ಲಿ ಅನುಮತಿಗೆ ಅವಕಾಶವಿತ್ತು. ರಾಷ್ಟ್ರವೊಂದು ಹುಟ್ಟುವ ಗಳಿಗೆಯಲ್ಲಿ ಧರ್ಮಸಭೆಯೂ ತನ್ನ ಒಬ್ಬ ಮಗನನ್ನು ಆ ಕೆಲಸಕ್ಕೆ ಒಪ್ಪಿಸಿತು.

ಆ ಸಭೆಯ ಮುಂದಿದ್ದ ಪ್ರಶ್ನೆಗಳಲ್ಲಿ ಎರಡು ನಮ್ಮ ಪಾಲಿಗೆ ಬಹು ಮುಖ್ಯವಾದವು. ಇಂದು ನಾವು ಅನುಭವಿಸುತ್ತಿರುವ ಸ್ವಾತಂತ್ರ್ಯವೂ ಎದುರಿಸುತ್ತಿರುವ ಸಂಕಟವೂ ಈ ಎರಡರಿಂದಲೇ ಹರಿದುಬಂದಿವೆ.

ಮೊದಲನೆಯದು ಮೀಸಲು ಸ್ಥಾನಗಳ ಪ್ರಶ್ನೆ. ಬ್ರಿಟಿಷರು 1909ರಿಂದ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟಿದ್ದರು. ಮುಂದೆ ಅದೇ ಪದ್ಧತಿಯನ್ನು ಇತರರಿಗೂ ವಿಸ್ತರಿಸಿ, ಮದ್ರಾಸಿನ ಕ್ರೈಸ್ತರನ್ನೂ ಅದರೊಳಗೆ ಸೇರಿಸಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಮತದವರಿಗೆ ಮಾತ್ರ ಮತ ಕೊಡುವ ಈ ವ್ಯವಸ್ಥೆ ದೇಶವನ್ನು ಎಲ್ಲಿಗೆ ಒಯ್ದಿತೆಂಬುದನ್ನು 1947ರ ವಿಭಜನೆ ತೋರಿಸಿತು. ಆ ವರ್ಷದ ಆಗಸ್ಟ್‌ನಲ್ಲಿ ಸಂವಿಧಾನ ಸಭೆ ಪ್ರತ್ಯೇಕ ಮತಕ್ಷೇತ್ರಗಳನ್ನು ತೆಗೆದುಹಾಕಿತು. ಆದರೆ ಎಲ್ಲರೂ ಸೇರಿ ಮತ ನೀಡುವ ಕ್ಷೇತ್ರಗಳಲ್ಲಿ ಅಲ್ಪಸಂಖ್ಯಾತರಿಗೆ ಕೆಲವು ಸ್ಥಾನಗಳನ್ನು ಕಾಯ್ದಿರಿಸಲು ಒಪ್ಪಿತು. ಆ ಏರ್ಪಾಡಿನ ಪ್ರಕಾರ ಕೇಂದ್ರದಲ್ಲಿಯೂ ಮದ್ರಾಸ್ ಹಾಗೂ ಮುಂಬಯಿ ಪ್ರಾಂತ್ಯಗಳಲ್ಲಿಯೂ ಭಾರತೀಯ ಕ್ರೈಸ್ತರಿಗೆ ಜನಸಂಖ್ಯೆಗೆ ತಕ್ಕ ಸ್ಥಾನಗಳು ದೊರೆಯಬೇಕಿತ್ತು. ಓದುಗರು ಗಮನಿಸಬೇಕು, ಮುಂಬಯಿ ಪ್ರಾಂತ್ಯವೆಂದರೆ ಅಂದಿನ ನಮ್ಮ ಅಥಣಿ, ಚಿಕ್ಕೋಡಿಗಳೂ ಅದರೊಳಗಿದ್ದವು.

ಆದರೂ 1949ರ ಮೇ ತಿಂಗಳಿನಲ್ಲಿ ಸರ್ದಾರ್ ಪಟೇಲರ ನೇತೃತ್ವದ ಸಲಹಾ ಸಮಿತಿ ಈ ಮೀಸಲಾತಿಯನ್ನೇ ಕೈಬಿಡಬೇಕೆಂಬ ನಿರ್ಣಯಕ್ಕೆ ಬಂತು, ಸಭೆ ಅದನ್ನು ಅಂಗೀಕರಿಸಿತು. ಪರಿಶಿಷ್ಟ ಜಾತಿ ಪಂಗಡಗಳ ಮೀಸಲಾತಿ ಉಳಿಯಿತು, ಮತದ ಆಧಾರದ ಮೀಸಲಾತಿ ಹೋಯಿತು. ಕ್ರೈಸ್ತ ಮುಖಂಡರು ಇದಕ್ಕೆ ಮನಸ್ಸಾರೆ ಒಪ್ಪಿದರು. ಮುಖರ್ಜಿಯವರೂ ಫಾದರ್ ಜೆರೋಮರೂ ಅವರಲ್ಲಿ ಮುಂಚೂಣಿಯಲ್ಲಿದ್ದರು. ಕೊಡುತ್ತೇನೆಂದದ್ದನ್ನು ಬೇಡವೆನ್ನುವುದು ರಾಜಕೀಯದಲ್ಲಿ ಅಪರೂಪ. ಇದು ಭೋಳೆತನವೆಂದು ಅಂದೂ ಕೆಲವರು ಹೇಳಿದರು, ಇಂದೂ ಹೇಳುತ್ತಾರೆ. ಈ ನಿಲುವಿನ ಹಿಂದಿದ್ದ ವಿಚಾರವನ್ನು ನಾವು ನ್ಯಾಯವಾಗಿ ತಿಳಿದುಕೊಳ್ಳಬೇಕು.

ಸಣ್ಣ ಸಮುದಾಯಕ್ಕೆ ನಾಲ್ಕಾರು ಸ್ಥಾನಗಳು ಸಿಕ್ಕಿದರೆ ಆ ನಾಲ್ಕಾರು ಮಂದಿ ತಮ್ಮ ಸಮುದಾಯದ ಮಾತನ್ನು ಮಾತ್ರ ಆಡುತ್ತಾರೆ, ಉಳಿದವರು ಆ ಸಮುದಾಯದ ಚಿಂತೆಯನ್ನು ಅವರಿಗೇ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಅಲ್ಪಸಂಖ್ಯಾತರ ನಿಜವಾದ ರಕ್ಷಣೆ ಎರಡು ಕಂಬಗಳ ಮೇಲೆ ನಿಲ್ಲುತ್ತದೆ. ಪ್ರತಿಯೊಬ್ಬ ಮನುಷ್ಯನಿಗೂ ಯಾವ ಬಹುಮತವೂ ಕಸಿಯಲಾಗದ ಮೂಲಭೂತ ಹಕ್ಕುಗಳು ಒಂದು ಕಂಬ, ನೆರೆಹೊರೆಯವರ ಸದ್ಭಾವ ಇನ್ನೊಂದು. ಮೊದಲನೆಯದನ್ನು ಕಾನೂನಿನಲ್ಲಿ ಬರೆಯಿಸಬಹುದು. ಎರಡನೆಯದನ್ನು ಬರೆಯಿಸಲಾಗದು, ದಿನನಿತ್ಯದ ಬಾಳಿನಿಂದ ಗಳಿಸಬೇಕು. ಬೇಲಿ ಹಾಕಿಕೊಂಡ ತೋಟಕ್ಕೆ ಕಾವಲು ಸಿಗಬಹುದು, ಆದರೆ ಊರಿನ ಕಾಲುವೆಯ ನೀರು ಸಿಗಲಾರದು. ಮಾನವನ ಘನತೆ ದೇವರಿಂದ ಬಂದದ್ದು, ರಾಜ್ಯ ಅದನ್ನು ಗುರುತಿಸುತ್ತದೆಯೇ ಹೊರತು ದಾನ ಕೊಡುವುದಿಲ್ಲ ಎಂಬ ಸಂತ ಥಾಮಸ್ ಅಕ್ವಿನಾಸರ ಪರಂಪರೆಯ ತತ್ತ್ವಶಾಸ್ತ್ರದಲ್ಲಿ ಬೆಳೆದ ಗುರುಗಳಿಗೆ ಈ ದಾರಿ ಸಹಜವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಇದರ ಬೆಲೆಯನ್ನೂ ಮರೆಮಾಚಬಾರದು. 1950ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸವಲತ್ತನ್ನು ಹಿಂದೂಗಳಿಗೆ ಮುಖ್ಯವಾಗಿ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ಪೂರ್ಣವಾಗಿ ವಿಸ್ತಾರವಾಯಿತು. ದಲಿತ ಕ್ರೈಸ್ತರು ಮಾತ್ರ ಹೊರಗೇ ಉಳಿದರು. ಸ್ನಾನದೀಕ್ಷೆ ಪಡೆದ ಮಾತ್ರಕ್ಕೆ ಊರಿನಲ್ಲಿ ಅವರ ಕೇರಿ ಬದಲಾಗಲಿಲ್ಲ, ಬಡತನ ಹೋಗಲಿಲ್ಲ, ಹೋದದ್ದು ಸವಲತ್ತು ಮಾತ್ರ. ತಮ್ಮ ಮೀಸಲು ಸ್ಥಾನಗಳನ್ನು ಬಿಟ್ಟುಕೊಟ್ಟ ವಿದ್ಯಾವಂತ ಕ್ರೈಸ್ತರ ಔದಾರ್ಯಕ್ಕೆ ರಾಷ್ಟ್ರ ಮೆಚ್ಚುಗೆ ಸೂಚಿಸಿತು. ಆದರೆ ನಮ್ಮೊಳಗಿನ ಅತ್ಯಂತ ಬಡವರ ಪಾಲಿನ ನ್ಯಾಯ ಇಂದಿಗೂ ಬಾಕಿ ಉಳಿದಿದೆ. ಮಹಾಪುರುಷರ ಜೀವನಚರಿತ್ರೆಯನ್ನು ಓದುವಾಗ ಅವರು ಮಾಡಿಟ್ಟುಹೋದದ್ದನ್ನಷ್ಟೇ ಅಲ್ಲದೆ ಅವರ ಪೀಳಿಗೆ ನಮಗೆ ಬಿಟ್ಟುಹೋದ ಕೆಲಸವನ್ನೂ ಓದಿಕೊಳ್ಳಬೇಕೆಂದು ನಾವು ತಿಳಿದಿದ್ದೇವೆ.

ಎರಡನೆಯದು ಧರ್ಮಪ್ರಚಾರದ ಹಕ್ಕಿನ ಪ್ರಶ್ನೆ. ಮನಸ್ಸಾಕ್ಷಿಯ ಸ್ವಾತಂತ್ರ್ಯ, ತನ್ನ ಧರ್ಮವನ್ನು ಸಾರಿ ಹೇಳಿಕೊಳ್ಳುವ, ಆಚರಿಸುವ ಹಾಗೂ ಪ್ರಚಾರ ಮಾಡುವ ಹಕ್ಕು ಇವು ಇಂದು ಸಂವಿಧಾನದ 25ನೆಯ ವಿಧಿಯಲ್ಲಿವೆ. ಕರಡಿನಲ್ಲಿ ಅದು 19ನೆಯ ವಿಧಿಯಾಗಿತ್ತು. ಪ್ರಚಾರ ಎಂಬ ಒಂದು ಪದಕ್ಕಾಗಿ 1948ರ ಡಿಸೆಂಬರ್ ಮೊದಲ ವಾರದಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ಒಡಿಶಾದ ಲೋಕನಾಥ ಮಿಶ್ರರು ಈ ಪದ ಅಪಾಯಕಾರಿಯೆಂದರು. ಬಿಹಾರದ ತಜಮ್ಮುಲ್ ಹುಸೇನರು ಧರ್ಮವೆಂಬುದು ಮನುಷ್ಯನಿಗೂ ಅವನ ಸೃಷ್ಟಿಕರ್ತನಿಗೂ ಸಂಬಂಧಿಸಿದ ಖಾಸಗಿ ವಿಷಯ, ಅದರ ಪ್ರಚಾರ ಏಕೆ ಬೇಕೆಂದು ಕೇಳಿದರು. ಇವರಿಗೆ ಉತ್ತರ ಕೊಟ್ಟವರಲ್ಲಿ ಮುಖ್ಯರಾದವರು ಕ್ರೈಸ್ತರಲ್ಲವೆಂಬುದೇ ಈ ಕಥೆಯ ಸಾರ. ಪಂಡಿತ ಲಕ್ಷ್ಮೀಕಾಂತ ಮೈತ್ರ, ಟಿ.ಟಿ. ಕೃಷ್ಣಮಾಚಾರಿ, ಕೆ.ಎಂ. ಮುನ್ಷಿ ಈ ಮೂವರು ಹಿಂದೂ ಸದಸ್ಯರು ಆ ಪದವನ್ನು ಉಳಿಸಿಕೊಳ್ಳಬೇಕೆಂದು ವಾದಿಸಿದರು. ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಅನೇಕ ವರ್ಷ ಓದಿದ್ದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂಬ ತಮ್ಮ ಅನುಭವವನ್ನು ಕೃಷ್ಣಮಾಚಾರಿಯವರು ಸಭೆಗೆ ತಿಳಿಸಿದರು. ಈ ಪದ ಅಲ್ಪಸಂಖ್ಯಾತರೊಡನೆ, ವಿಶೇಷವಾಗಿ ಕ್ರೈಸ್ತರೊಡನೆ ಆದ ಒಡಂಬಡಿಕೆಯ ಫಲ, ಅದನ್ನು ಮುರಿಯಬಾರದೆಂದು ಮುನ್ಷಿಯವರು ನೆನಪಿಸಿದರು. ಡಿಸೆಂಬರ್ 6ರಂದು ವಿಧಿ ಅಂಗೀಕಾರವಾಯಿತು. ಅದಾದ ನಾಲ್ಕೇ ದಿನಗಳಲ್ಲಿ, ಡಿಸೆಂಬರ್ 10ರಂದು, ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಹೊರಡಿಸಿತು.

ಆ ಒಡಂಬಡಿಕೆ ಒಂದು ದಿನದಲ್ಲಿ ಕುದುರಿದ್ದಲ್ಲ. ಸಮಿತಿಗಳಲ್ಲಿ, ಸಭಾಂಗಣದ ಹೊರಗಿನ ಮಾತುಕತೆಗಳಲ್ಲಿ, ಸ್ನೇಹದಲ್ಲಿ ಅದು ಕುದುರಿತು. ಫಾದರ್ ಜೆರೋಮರಂಥವರ ಕೊಡುಗೆಯನ್ನು ನಾವು ಅಳೆಯಬೇಕಾದದ್ದು ಅಲ್ಲಿಯೇ. ಗಟ್ಟಿಯಾಗಿ ಕೂಗುವವನ ಹಕ್ಕು ಅವನ ಕೂಗು ನಿಲ್ಲುವವರೆಗೆ ಉಳಿಯುತ್ತದೆ. ನೆರೆಯವನು ತನ್ನದೆಂದು ಎತ್ತಿ ಹಿಡಿದ ಹಕ್ಕು ಬಹುಕಾಲ ಬಾಳುತ್ತದೆ.

ಇಲ್ಲಿ ತಜಮ್ಮುಲ್ ಹುಸೇನರ ಪ್ರಶ್ನೆಗೆ ಒಂದು ಮಾತು ಹೇಳಬೇಕು, ಏಕೆಂದರೆ ಆ ಮನೆಯ ತಂದೆಯ ಪ್ರಶ್ನೆಯೂ ಅದೇ. ಧರ್ಮ ವೈಯಕ್ತಿಕವೆಂಬುದು ನಿಜ. ನಮ್ಮ ಬದಲಿಗೆ ಇನ್ನೊಬ್ಬರು ವಿಶ್ವಾಸ ಇಡಲಾರರು. ಆದರೆ ವೈಯಕ್ತಿಕವಾದದ್ದೆಲ್ಲ ಖಾಸಗಿಯಲ್ಲ. ತಾಯಿಯ ಪ್ರೀತಿ ಅವಳ ಹೃದಯದಲ್ಲಿ ಹುಟ್ಟುತ್ತದೆ, ಆದರೆ ಅದು ಅಡಿಗೆಮನೆಯಲ್ಲಿ, ಹೊಲದಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕಾಣಿಸದೆ ಇರದು. ಹಾಗೆಯೇ ದೇವರು ಎಲ್ಲರ ತಂದೆಯೆಂದು ಭಾನುವಾರ ಪ್ರಾರ್ಥಿಸಿದವನು ಸೋಮವಾರ ಪಂಚಾಯಿತಿಯಲ್ಲಿ ಒಂದು ಕೇರಿಗೆ ನೀರು ಬಿಟ್ಟು ಇನ್ನೊಂದು ಕೇರಿಗೆ ತಪ್ಪಿಸಿದರೆ ಅವನ ಪ್ರಾರ್ಥನೆಯೇ ಸುಳ್ಳಾಗುತ್ತದೆ. ಉಪ್ಪನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಸಾರಿಗೆ ರುಚಿ ಬಾರದು, ಹಾಗೆಂದು ಉಪ್ಪನ್ನೇ ಸಾರೆಂದು ಬಡಿಸಲೂ ಆಗದು. ಧರ್ಮ ರಾಜ್ಯವನ್ನು ಆಳಬಾರದು, ಆದರೆ ರಾಜ್ಯದಲ್ಲಿ ಬಾಳುವ ಮನಸ್ಸಾಕ್ಷಿಯನ್ನು ಅದು ಹದಗೊಳಿಸಬೇಕು. ಈ ಅಂತರವನ್ನು ಸಂತ ಅಗಸ್ಟೀನರು ರೋಮ್ ನಗರ ಕೊಳ್ಳೆಹೋದ 410ರ ನಂತರ ಬರೆದ ತಮ್ಮ ಮಹಾಗ್ರಂಥದಲ್ಲಿ ವಿವೇಚಿಸಿದ್ದಾರೆ. ನಮ್ಮ ಕನ್ನಡ ನಾಡಿಗೂ ಇದು ಹೊಸ ಮಾತಲ್ಲ. ಕಾಯಕ ದಾಸೋಹಗಳನ್ನು ಬೋಧಿಸಿದ ಶರಣರು ಭಕ್ತಿಯನ್ನು ಗುಡಿಯ ಗೋಡೆಯೊಳಗೆ ಕೂಡಿಹಾಕಲಿಲ್ಲ. ಅಥಣಿಯ ಗಚ್ಚಿನ ಮಠದ ಶಿವಯೋಗಿಗಳನ್ನು ಈ ಸೀಮೆಯ ಜನ ಇಂದಿಗೂ ನೆನೆಯುವುದು ಅವರ ತಪಸ್ಸು ಜನರ ಬಾಳನ್ನು ಮುಟ್ಟಿದ್ದರಿಂದ.

ಸಂವಿಧಾನ ಜಾರಿಗೆ ಬಂದ ಮೇಲೆ ಫಾದರ್ ಜೆರೋಮರ ಸೇವೆ ಬೇರೆ ಬೇರೆ ದಿಕ್ಕುಗಳಲ್ಲಿ ಹರಿಯಿತು. ಪ್ರಧಾನಿ ನೆಹರೂ ಅವರು ವಿಶ್ವಸಂಸ್ಥೆಯ ಮಹಾಸಭೆಗೆ ಕಳುಹಿಸಿದ ಭಾರತದ ನಿಯೋಗಗಳಲ್ಲಿ 1949ರಿಂದ ಆರಂಭಿಸಿ ಹಲವು ಬಾರಿ ಅವರೂ ಸದಸ್ಯರಾಗಿದ್ದರು. ದೇವರನ್ನು ನಂಬದ ಪ್ರಧಾನಿಯೊಬ್ಬರು ದೇಶದ ಪರವಾಗಿ ಮಾತನಾಡಲು ಕಥೋಲಿಕ ಗುರುವೊಬ್ಬರನ್ನು ಆರಿಸಿದ್ದು ಇಬ್ಬರಿಗೂ ಶೋಭೆ ತರುವ ಸಂಗತಿ.

ಅದೇ ಕಾಲದಲ್ಲಿ ಇನ್ನೊಂದು ನಾಜೂಕಿನ ಕಾರ್ಯ ಅವರ ಪಾಲಿಗೆ ಬಂತು. ಪೋರ್ಚುಗಲ್ ದೇಶಕ್ಕೆ ಹಿಂದಿನ ಶತಮಾನಗಳಲ್ಲಿ ದೊರೆತಿದ್ದ ಪದ್ರುವಾದೋ ಎಂಬ ಪೋಷಕ ಹಕ್ಕಿನ ಉಳಿಕೆಯಾಗಿ, ಮಂಗಳೂರು, ಮುಂಬಯಿ ಮೊದಲಾದ ಭಾರತೀಯ ಧರ್ಮಪ್ರಾಂತ್ಯಗಳ ಧರ್ಮಾಧ್ಯಕ್ಷರ ನೇಮಕದಲ್ಲಿ ಲಿಸ್ಬನ್ ಸರ್ಕಾರದ ಕೈ ಇನ್ನೂ ಇತ್ತು. ಸ್ವತಂತ್ರ ಭಾರತದ ಧರ್ಮಾಧ್ಯಕ್ಷರ ಹೆಸರಿಗೆ ಪರದೇಶದ ಸರ್ಕಾರ ಮುದ್ರೆ ಒತ್ತುವುದು ರಾಷ್ಟ್ರಕ್ಕೂ ಧರ್ಮಸಭೆಗೂ ಒಪ್ಪುವ ಮಾತಾಗಿರಲಿಲ್ಲ. ಭಾರತ ಸರ್ಕಾರದ ಅಭಿಪ್ರಾಯವನ್ನು ರೋಮಿಗೆ ತಿಳಿಸುವ ಮಾತುಕತೆಗಳಲ್ಲಿ ಫಾದರ್ ಜೆರೋಮರು ನೆರವಾದರು. 1950ರ ಜುಲೈ 18ರಂದು ಪರಮಪೀಠಕ್ಕೂ ಪೋರ್ಚುಗಲ್ಲಿಗೂ ಆದ ಒಪ್ಪಂದದಿಂದ ಆ ಹಕ್ಕು ಕೊನೆಗೊಂಡಿತು. ಅದಾದ ಮೂರು ವರ್ಷಕ್ಕೆ, 1953ರಲ್ಲಿ, ನಮ್ಮ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿತು. ಒಳ್ಳೆಯ ಕಥೋಲಿಕನಾಗಲು ಭಾರತೀಯತನವನ್ನು ಕಡಿಮೆ ಮಾಡಿಕೊಳ್ಳಬೇಕಾಗಿಲ್ಲ, ಒಳ್ಳೆಯ ಭಾರತೀಯನಾಗಲು ವಿಶ್ವಾಸವನ್ನು ಬಿಡಬೇಕಾಗಿಲ್ಲ ಎಂಬುದನ್ನು ಈ ಒಂದು ಕಾರ್ಯವೇ ತೋರಿಸಿಕೊಟ್ಟಿತು.

1951ರಲ್ಲಿ ಯೇಸುಸಭೆಯ ಮಹಾಧಿಕಾರಿಗಳ ಇಚ್ಛೆಯಂತೆ ಅವರು ಪುಣೆಯಲ್ಲಿ ಸಾಮಾಜಿಕ ಅಧ್ಯಯನದ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಹಕ್ಕುಗಳನ್ನು ಬರೆದಿಟ್ಟರೆ ಸಾಲದು, ಹಸಿದವನಿಗೆ ಭೂಮಿ, ಕೂಲಿ, ಸಾಲ, ಸಹಕಾರ ಇವುಗಳ ತಿಳಿವಳಿಕೆ ಬೇಕೆಂಬುದು ಅದರ ಹಿಂದಿನ ವಿಚಾರ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಕುರಿತು ಹೊರಡಿಸಿದ ವಿಶ್ವಪತ್ರದಿಂದ ಆರಂಭವಾದ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಭಾರತದ ಮಣ್ಣಿಗೆ ಇಳಿಸುವ ಯತ್ನವಿದು. 1963ರಲ್ಲಿ ಈ ಸಂಸ್ಥೆ ದೆಹಲಿಗೆ ಸ್ಥಳಾಂತರವಾಗಿ ಮುಂದೆ ಇಂಡಿಯನ್ ಸೋಷಿಯಲ್ ಇನ್ಸ್ಟಿಟ್ಯೂಟ್ ಎಂದು ಪ್ರಸಿದ್ಧವಾಯಿತು. ಬೆಂಗಳೂರಿನಲ್ಲಿಯೂ ಅದೇ ಹೆಸರಿನ ಸಂಸ್ಥೆ ನಡೆಯುತ್ತಿದೆ.

1950ರ ದಶಕದ ನಡುಭಾಗದಲ್ಲಿ ಗಾಳಿ ಸ್ವಲ್ಪ ತಿರುಗಿತು. ಸರ್ದಾರ್ ಕೆ.ಎಂ. ಪಣಿಕ್ಕರ್ ಅವರು 1953ರಲ್ಲಿ ಪ್ರಕಟಿಸಿದ ಇತಿಹಾಸಗ್ರಂಥ ಕ್ರೈಸ್ತ ಮಿಷನ್‌ಗಳನ್ನು ಪಾಶ್ಚಾತ್ಯ ಸಾಮ್ರಾಜ್ಯದ ನೆರಳೆಂದು ಚಿತ್ರಿಸಿತು. 1956ರಲ್ಲಿ ಮಧ್ಯಪ್ರದೇಶದ ನಿಯೋಗಿ ಸಮಿತಿಯ ವರದಿ ಮಿಷನರಿಗಳ ಮೇಲೆ ಕಠಿಣ ಆರೋಪಗಳನ್ನು ಹೊರಿಸಿತು. ಪಣಿಕ್ಕರ್ ಅವರ ವಾದಕ್ಕೆ ಫಾದರ್ ಜೆರೋಮರು ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಸಿಟ್ಟಿಗೆ ಸಿಟ್ಟನ್ನು ಎದುರಿಡದೆ ವಾದಕ್ಕೆ ವಾದವನ್ನು ಎದುರಿಡುವುದು ಅವರ ರೀತಿ. ನಮ್ಮ ಇತಿಹಾಸದಲ್ಲಿ ತಪ್ಪುಗಳೇ ಇಲ್ಲವೆಂದು ಹೇಳುವವನನ್ನು ಯಾರೂ ನಂಬುವುದಿಲ್ಲ, ತಪ್ಪುಗಳು ಮಾತ್ರ ಇವೆಯೆಂದು ಹೇಳುವವನಿಗೆ ಸತ್ಯವನ್ನು ತೋರಿಸಬೇಕಾಗುತ್ತದೆ. ಈ ವಿವೇಕ ಇಂದಿನ ನಮ್ಮ ತರುಣರಿಗೂ ಬೇಕು.

1957ರಿಂದ ಸುಮಾರು ಹತ್ತು ವರ್ಷ ಅವರು ರೋಮಿನಲ್ಲಿ ಯೇಸುಸಭೆಯ ಮಹಾಧಿಕಾರಿಗಳಿಗೆ ಭಾರತದ ವಿಷಯಗಳಲ್ಲಿ ಸಲಹೆಗಾರರಾಗಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆದದ್ದು ಆ ಅವಧಿಯಲ್ಲಿಯೇ. 1965ರ ಡಿಸೆಂಬರ್ 7ರಂದು ಆ ಮಹಾಸಭೆ ಎರಡು ಮಹತ್ತ್ವದ ಪತ್ರಗಳನ್ನು ಅಂಗೀಕರಿಸಿತು. ಧಾರ್ಮಿಕ ಸ್ವಾತಂತ್ರ್ಯ ಪ್ರತಿಯೊಬ್ಬ ಮನುಷ್ಯನ ಘನತೆಯಲ್ಲಿಯೇ ಬೇರೂರಿದೆ, ಯಾರನ್ನೂ ಬಲಾತ್ಕಾರದಿಂದ ವಿಶ್ವಾಸಕ್ಕೆ ತರಬಾರದು, ಯಾರನ್ನೂ ವಿಶ್ವಾಸದಿಂದ ತಡೆಯಬಾರದು ಎಂದು ಒಂದು ಸಾರಿತು. ಆಧುನಿಕ ಜಗತ್ತಿನ ಸುಖದುಃಖಗಳು ಧರ್ಮಸಭೆಯ ಸುಖದುಃಖಗಳೂ ಹೌದೆಂದು ಇನ್ನೊಂದು ಸಾರಿತು, ಲೌಕಿಕ ಬಾಳಿನ ವ್ಯವಹಾರಗಳು ಮುಖ್ಯವಾಗಿ ಶ್ರೀಸಾಮಾನ್ಯ ವಿಶ್ವಾಸಿಗಳ ಕ್ಷೇತ್ರವೆಂದೂ ತಿಳಿಸಿತು. ಹದಿನೇಳು ವರ್ಷಗಳ ಹಿಂದೆ ದೆಹಲಿಯಲ್ಲಿ ಹಿಂದೂ, ಮುಸ್ಲಿಂ, ಸಿಖ್, ಪಾರ್ಸಿ, ಕ್ರೈಸ್ತ ಸದಸ್ಯರು ಕೂಡಿ ಬರೆದ 25ನೆಯ ವಿಧಿಗೂ ರೋಮಿನ ಈ ಪತ್ರಕ್ಕೂ ಇರುವ ಹೋಲಿಕೆಯನ್ನು ಕಂಡಾಗ ನಮ್ಮ ಮನಸ್ಸು ತುಂಬಿಬರುತ್ತದೆ.

ರೋಮಿನ ಸೇವೆಯನ್ನು ಮುಗಿಸಿ ಫಾದರ್ ಜೆರೋಮರು ಭಾರತಕ್ಕೆ ಮರಳಿದರು. 1977ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ರೆವರೆಂಡ್ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ತೀರ್ಪಿತ್ತು, ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ಹರಡುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಹೇಳಿತು. ಮಧ್ಯಪ್ರದೇಶ ಹಾಗೂ ಒಡಿಶಾದ ಕಾನೂನುಗಳು ಊರ್ಜಿತವಾದವು. ಯಾವ ಪದ ಉಳಿದ ಸಭೆಯಲ್ಲಿ ಅವರು ಕುಳಿತಿದ್ದರೋ ಆ ಪದದ ಅರ್ಥ ಅವರ ಕಣ್ಣಮುಂದೆಯೇ ಕಿರಿದಾಯಿತು. ಅದೇ ವರ್ಷ ಆಗಸ್ಟ್ 12ರಂದು, ಎಂಬತ್ತು ತುಂಬಿದ ಆರನೆಯ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. 1997ರಲ್ಲಿ ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

ಅವರು ತೀರಿಕೊಂಡ ಮೇಲೂ ಆ ಚರ್ಚೆ ಮುಗಿಯಲಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ಮತಾಂತರವನ್ನು ಕುರಿತ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು, 2022ರಲ್ಲಿ ಅದು ಕಾನೂನಾಯಿತು. 2023ರ ಜೂನಿನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂತೆಗೆದುಕೊಳ್ಳುವ ನಿರ್ಧಾರವನ್ನು ಪ್ರಕಟಿಸಿತು. ಬಲಾತ್ಕಾರದ ಅಥವಾ ಆಮಿಷದ ಮತಾಂತರ ಪಾಪವೆಂದು ಹೇಳಲು ನಮಗೆ ಯಾವ ಕಾನೂನೂ ಬೇಕಾಗಿಲ್ಲ, ನಮ್ಮ ಮಹಾಸಭೆಯೇ ಅದನ್ನು ಹೇಳಿದೆ. ಆದರೆ ಪ್ರಾರ್ಥನೆಗೆ ಸೇರಿದ ಬಡ ಕುಟುಂಬ ಅನುಮಾನಕ್ಕೆ ಗುರಿಯಾಗಬಾರದು, ಮನಸ್ಸಾಕ್ಷಿಯ ದಾರಿಯಲ್ಲಿ ನಡೆದವನು ಅಪರಾಧಿಯಂತೆ ನಿಲ್ಲಬಾರದು. ಇದನ್ನು ಹೇಳುವ ಹಕ್ಕು ನಮಗಿದೆ, ಹೇಳುವ ರೀತಿಯನ್ನು ಫಾದರ್ ಜೆರೋಮರಿಂದ ಕಲಿಯಬೇಕಾಗಿದೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಕ್ರೈಸ್ತರು ಶೇಕಡಾ 2.3, ಕರ್ನಾಟಕದಲ್ಲಿ ಶೇಕಡಾ 1.87. ಈ ಗಡಿಸೀಮೆಯ ಹಳ್ಳಿಗಳಲ್ಲಿ ನಾವು ಇನ್ನೂ ವಿರಳ. ಸಂಖ್ಯೆಯಿಂದ ನಾವು ಯಾವ ಚುನಾವಣೆಯನ್ನೂ ಗೆಲ್ಲಲಾರೆವು. ಹಾಗಾದರೆ ನಮ್ಮ ಪಾಲಿನ ಕೆಲಸವೇನು? ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿಕೊಳ್ಳುವುದು, ಗ್ರಾಮಸಭೆಗೆ ತಪ್ಪದೆ ಹೋಗುವುದು, ಶಾಲಾಭಿವೃದ್ಧಿ ಸಮಿತಿಯಲ್ಲಿ, ಸಹಕಾರ ಸಂಘದಲ್ಲಿ ಹೊಣೆ ಹೊರುವುದು, ಹಣ ಹಂಚಿ ಮತ ಕೇಳುವವರಿಗೆ ಬೆನ್ನು ತಿರುಗಿಸುವುದು, ನಮ್ಮವನೆಂಬ ಒಂದೇ ಕಾರಣಕ್ಕೆ ಅನರ್ಹನನ್ನು ಬೆಂಬಲಿಸದಿರುವುದು, ನಮ್ಮವರಲ್ಲದವರ ಮೇಲೆ ಅನ್ಯಾಯವಾದಾಗಲೂ ಬಾಯಿ ತೆರೆಯುವುದು. ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು. 1948ರಲ್ಲಿ ನಮ್ಮ ಹಕ್ಕಿಗಾಗಿ ಮೈತ್ರರೂ ಕೃಷ್ಣಮಾಚಾರಿಯವರೂ ಮುನ್ಷಿಯವರೂ ಎದ್ದುನಿಂತರು. ಆ ಋಣವನ್ನು ತೀರಿಸುವ ದಾರಿ ಬೇರೊಂದಿಲ್ಲ.

ಆ ಮನೆಯ ಸುದ್ದಿಯನ್ನೂ ಓದುಗರು ಕೇಳಬಯಸುತ್ತಾರೆ. ಮಗ ಚುನಾವಣೆಗೆ ನಿಂತ, ಸೋತ. ಆದರೆ ಪ್ರಚಾರದ ದಿನಗಳಲ್ಲಿ ಅವನು ಎಲ್ಲ ಕೇರಿಗಳಿಗೂ ನಡೆದು ಹೋಗಿದ್ದ, ಯಾರ ಮನೆಯ ನೀರಿನ ಗೋಳು ಏನೆಂದು ಬರೆದುಕೊಂಡಿದ್ದ. ಈಗ ಅರ್ಜಿ ಬರೆಸಲು, ಕಾಗದಪತ್ರ ಓದಿಸಲು ಎಲ್ಲ ಜಾತಿಯ ಜನ ಅವನ ಮನೆಗೆ ಬರುತ್ತಾರೆ. ಬಂದವರಿಗೆ ಚಾಪೆ ಹಾಸುವವರು ಅವನ ತಂದೆಯೇ. ಮುಂದಿನ ಸಲ ಅವನು ನಿಲ್ಲಲಿ ಬಿಡಲಿ, ಆ ಮನೆಯ ಅಂಗಳದಲ್ಲಿ ಶುಭಸಂದೇಶದ ಕೆಲಸ ನಡೆದಿದೆಯೆಂದು ನಾವು ಭಾವಿಸುತ್ತೇವೆ.

ಮುಂದಿನ ಗಣರಾಜ್ಯೋತ್ಸವದಂದು ನಮ್ಮ ಮಕ್ಕಳು ಪ್ರಸ್ತಾವನೆಯನ್ನು ಓದುವಾಗ ತಂದೆತಾಯಿಗಳು ಅವರಿಗೆ ಮಂಗಳೂರಿನ ಈ ಗುರುವಿನ ಹೆಸರನ್ನು ಹೇಳಲಿ. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಅವರ ಆತ್ಮಕ್ಕಾಗಿ ಒಂದು ಪ್ರಾರ್ಥನೆಯನ್ನೂ, ನಮ್ಮನ್ನಾಳುವವರಿಗಾಗಿ ಇನ್ನೊಂದು ಪ್ರಾರ್ಥನೆಯನ್ನೂ ಸಲ್ಲಿಸೋಣ.